ಬಂಡೆಗೆ ಹತ್ತಿದ ಮೋಟಾರ್ ಬೋಟ್: ಮತ್ತೆ ನೀರಿಗಿಳಿಸುವ ಮುಂಚೆ ಏನೇನು ನೋಡಬೇಕು?

ಕೆರೆಹಿಂದಿನಹಳ್ಳಿ (ಕುಣಿಗಲ್ ತಾಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಮೀನುಗಾರರ ಸಂಘದಲ್ಲಿ ಒಂದು ಫೈಬರ್ ಬೋಟ್ ಇದೆ. ಹದಿನಾರು ಅಡಿ ಉದ್ದ. ಕರಾವಳಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಹಿಂಬದಿಗೆ ಹೊರಗೆ ಸಿಕ್ಕಿಸಿದ 15 ಎಚ್‌ಪಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಸ್ಟಿಯರಿಂಗ್ ಚಕ್ರ ಇಲ್ಲ, ಹಿಡಿ ಹಿಡಿದೇ ತಿರುಗಿಸಬೇಕು. ಬಲೆ ಬಿಡಲು, ರಾತ್ರಿ ಕಾವಲಿಗೆ ಎಲ್ಲಾ ಇದೇ.

ಬೇಸಿಗೆ ಅಲ್ವಾ, ಕೆರೆ ನೀರು ಚೆನ್ನಾಗಿ ಇಳಿದಿದೆ. ನಿನ್ನೆ ಸಂಜೆ ನಮ್ಮ ಹುಡುಗರು ವಾಪಸ್ ಬರುವಾಗ ಕೋಡಿ ಹತ್ತಿರದ ಹಾಸುಬಂಡೆ ಮೇಲೆ ಬೋಟ್ ಹತ್ತಿ ನಿಂತಿತು. ಎಂಜಿನ್ ಟಣ್ ಅಂತ ಮೇಲೆದ್ದು ಆಫ್ ಆಯಿತು. ಯಾರಿಗೂ ಪೆಟ್ಟಾಗಿಲ್ಲ, ಎಲ್ಲರೂ ಜಾಕೆಟ್ ಹಾಕಿದ್ದರು. ಹರಿಗೋಲು ತಂದು, ಮುಂದಿನ ಕೊಂಡಿಗೆ ಹಗ್ಗ ಕಟ್ಟಿ ದಡಕ್ಕೆ ಎಳೆದೆವು.

ಕಣ್ಣಿಗೆ ಕಾಣುವುದು ಇಷ್ಟೇ. ಫ್ಯಾನಿನ, ಅಂದರೆ ಪ್ರೊಪೆಲ್ಲರಿನ, ಒಂದು ಎಲೆಯ ತುದಿ ಚೂರು ಹೋಗಿದೆ. ತಳದಲ್ಲಿ ಮೊಳದುದ್ದ ಗೀರು. ಒಳಗೆ ನೀರಿಲ್ಲ. ನಾಡಿದ್ದು ಬೆಂಗಳೂರಿನಿಂದ ಮೀನಿನ ಗಾಡಿ ಬರುತ್ತದೆ. ಎಲೆಯನ್ನು ಅರದಲ್ಲಿ ಉಜ್ಜಿ, ಗೀರಿಗೆ ಎಂ-ಸೀಲ್ ಮೆತ್ತಿ ಓಡಿಸಬಹುದಾ? ನಮ್ಮ ಅಧ್ಯಕ್ಷರು "ಅಷ್ಟೇ ತಾನೇ, ನಾಳೆ ಇಳಿಸಿ" ಅನ್ನುತ್ತಿದ್ದಾರೆ.


ಸುಮ್ನೆ ಓದೋನು

ಒಳಗೆ ನೀರು ಬಂದಿಲ್ಲ ಅಂದಮೇಲೆ ಇನ್ನೇನಣ್ಣ? ಉಜ್ಜಿ ಓಡಿಸಿ.


ಗಂಗೊಳ್ಳಿಯಿಂದ ತುಮಕೂರಿಗೆ

ಬೇಡ. ದಯವಿಟ್ಟು ನಾಳೆ ಇಳಿಸಬೇಡಿ.

ನಾನು ಕರಾವಳಿಯಲ್ಲಿ ಔಟ್‌ಬೋರ್ಡ್ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದವನು. ಈಗ ತುಮಕೂರಿನಲ್ಲಿದ್ದೇನೆ. ಮಾಡುವುದು ಪಂಪ್‌ಸೆಟ್ ಕೆಲಸ, ಆದರೆ ಕೈ ಇನ್ನೂ ಮರೆತಿಲ್ಲ. ಬಂಡೆಗೆ ಬಡಿದ ಬೋಟಿನಲ್ಲಿ ಎಲೆ ಮುರಿದದ್ದು ಸಣ್ಣ ವಿಷಯ. ಆ ಪೆಟ್ಟು ಎಲೆಯಿಂದ ಎಲ್ಲಿಗೆ ಹೋಯಿತು ಅನ್ನುವುದೇ ದೊಡ್ಡದು. ಎಲೆಗೆ ಬಿದ್ದ ಪೆಟ್ಟು ಮೊದಲು ನಡುವಿನ ರಬ್ಬರ್ ಬುಷ್‌ಗೆ ಹೋಗುತ್ತದೆ. ಅಲ್ಲಿಂದ ಶಾಫ್ಟ್‌ಗೆ, ಶಾಫ್ಟ್‌ನಿಂದ ಸೀಲು, ಬೇರಿಂಗ್, ಗೇರಿಗೆ. ಎಂಜಿನ್ ಮೇಲೆದ್ದ ಪೆಟ್ಟು ಕ್ಲಾಂಪ್ ಮೂಲಕ ಬೋಟಿನ ಹಿಂದಿನ ಹಲಗೆಗೆ, ಅಂದರೆ ಟ್ರಾನ್ಸಮ್‌ಗೆ ಹೋಗುತ್ತದೆ. ಇದರಲ್ಲಿ ಯಾವುದೂ ದಡದಲ್ಲಿ ನಿಂತು ನೋಡಿದರೆ ಕಾಣುವುದಿಲ್ಲ.

ಮೊದಲು ಒಂದು ಪ್ರಶ್ನೆ. ಬಡಿದಾಗ ಎಂಜಿನ್ ತಾನೇ ಮೇಲೆದ್ದಿತಾ, ಇಲ್ಲಾ ರಿವರ್ಸ್ ಲಾಕ್, ಅಂದರೆ ಎಂಜಿನ್ ಮೇಲೇಳದಂತೆ ಹಿಡಿಯುವ ಕೊಂಡಿ, ಬಿದ್ದಿತ್ತಾ? ಮುಂದೆ ಹೋಗುವಾಗ ಲಾಕ್ ಬಿಟ್ಟಿದ್ದರೆ ಎಂಜಿನ್ ಎದ್ದು ಪೆಟ್ಟು ಅರ್ಧ ತಪ್ಪಿಸಿಕೊಳ್ಳುತ್ತದೆ. ಲಾಕ್ ಇದ್ದರೆ ಪೂರಾ ಪೆಟ್ಟು ಹಲಗೆಗೇ. ಇನ್ನೊಂದು, ಬಂಡೆ ಮೇಲಿದ್ದಾಗ ಹುಡುಗರು ರಿವರ್ಸ್ ಹಾಕಿ ಎಳೆಯಲು ನೋಡಿದರಾ?


ಕೆರೆಹಿಂದಿನಹಳ್ಳಿ

ತಾನೇ ಎದ್ದಿತು ಅಣ್ಣ. ಲಾಕ್ ಹಾಕಿರಲಿಲ್ಲ. ರಿವರ್ಸ್ ಕೂಡ ಹಾಕಿಲ್ಲ, ಎಂಜಿನ್ ಆಮೇಲೆ ಸ್ಟಾರ್ಟೇ ಮಾಡಿಲ್ಲ.


ಗಂಗೊಳ್ಳಿಯಿಂದ ತುಮಕೂರಿಗೆ

ಒಳ್ಳೆಯದಾಯಿತು. ಬಹಳ ಜನ ಅಲ್ಲೇ ಕೆಡಿಸಿಕೊಳ್ಳುತ್ತಾರೆ. ಕೆಸರಿನಲ್ಲಿ ಕೂತು ರಿವರ್ಸ್‌ನಲ್ಲಿ ಆಕ್ಸಿಲರೇಟರ್ ತಿರುವಿದರೆ ಎಂಜಿನ್ ಮರಳು, ಹೂಳು ಎಲ್ಲವನ್ನೂ ನೀರಿನ ಜೊತೆ ಒಳಗೆ ಎಳೆಯುತ್ತದೆ. ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಸವೆದು ಹೋಗುತ್ತದೆ. ಆಮೇಲೆ ಎಂಜಿನ್ ಕಾಯುತ್ತದೆ, ಪಿಸ್ಟನ್ ಹಿಡಿಯುತ್ತದೆ.

ಈಗ ಎಂಜಿನ್ ನೋಡುವ ಕ್ರಮ ಹೇಳುತ್ತೇನೆ.

ಸ್ಪಾರ್ಕ್ ಪ್ಲಗ್ ಕ್ಯಾಪ್ ಕಿತ್ತು ಪಕ್ಕಕ್ಕಿಡಿ. ಇದನ್ನು ಮರೆಯಬೇಡಿ. ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸುವಾಗ ಎಂಜಿನ್ ಒಂದು ಸಲ ಹೊಡೆದರೆ ಬೆರಳು ಇರುವುದಿಲ್ಲ. ಗೇರ್ ನ್ಯೂಟ್ರಲ್‌ಗೆ ಹಾಕಿ. ಒಂದು ಸ್ಕ್ರೂ ಡ್ರೈವರ್ ಅಥವಾ ಪೆನ್ಸಿಲನ್ನು ಗೇರ್ ಪೆಟ್ಟಿಗೆಗೆ, ಅಂದರೆ ಗೇರ್ ಕೇಸ್‌ಗೆ ಒತ್ತಿ ಹಿಡಿದು, ಅದರ ತುದಿ ಶಾಫ್ಟಿನ ಕೊನೆಗೆ ಕೂದಲೆಳೆ ದೂರದಲ್ಲಿ ಇರುವ ಹಾಗೆ ಇಡಿ. ನಿಧಾನಕ್ಕೆ ತಿರುಗಿಸಿ. ಸಂದು ಒಂದೇ ಸಮ ಇದ್ದರೆ ಸರಿ. ಒಮ್ಮೆ ತಗುಲಿ ಒಮ್ಮೆ ದೂರ ಹೋದರೆ ಶಾಫ್ಟ್ ಬಾಗಿದೆ. ಎಲೆಯ ತುದಿ ನೋಡಿ ಹೇಳಬೇಡಿ, ಎಲೆ ಬಾಗಿದ್ದರೂ ಅದು ಕುಣಿಯುತ್ತದೆ. ಶಾಫ್ಟನ್ನೇ ನೋಡಬೇಕು.

ಆಮೇಲೆ ಪ್ರೊಪೆಲ್ಲರ್ ಬಿಚ್ಚಿ. ನಟ್ ಬಿಚ್ಚಿಕೊಳ್ಳದಂತೆ ಹಾಕಿರುವ ಕಾಟರ್ ಪಿನ್ ತೆಗೆದು, ಎಲೆಗೂ ಮೇಲಿನ ತಟ್ಟೆಗೂ ನಡುವೆ ಮರದ ತುಂಡು ಕೊಟ್ಟು ನಟ್ ಸಡಿಲಿಸಿ. ಹಳೆ ಕಾಟರ್ ಪಿನ್ ಮತ್ತೆ ಹಾಕಬೇಡಿ, ಹೊಸದು ತನ್ನಿ. ಬಿಚ್ಚಿದ ಮೇಲೆ ಹಿಂದಿರುವ ಸೀಲು ನೋಡಿ. ಬಲೆಯ ನೈಲಾನ್ ನೂಲು ಸುತ್ತಿಕೊಂಡಿರುತ್ತದೆ. ಕೆರೆ ಬೋಟಿನಲ್ಲಿ ಇದು ಇಲ್ಲದೇ ಇರುವುದೇ ಅಪರೂಪ.

ಈಗ ಗೇರ್ ಆಯಿಲ್. ಎಂಜಿನ್ ನೆಟ್ಟಗೆ ನಿಲ್ಲಿಸಿ ಒಂದು ರಾತ್ರಿ ಬಿಡಿ. ನೀರು ಭಾರ, ಕೆಳಗೆ ಇಳಿಯುತ್ತದೆ. ಬೆಳಿಗ್ಗೆ ಕೆಳಗಿನ ಸ್ಕ್ರೂ ಮಾತ್ರ ನಿಧಾನಕ್ಕೆ ಸಡಿಲಿಸಿ, ಮೇಲಿನದು ಮುಟ್ಟಬೇಡಿ. ಮೊದಲು ಬರುವುದು ನೀರಾದರೆ ಉತ್ತರ ಸಿಕ್ಕಿತು. ಆಯಿಲ್ ಬೆಳ್ಳಗೆ ನೊರೆನೊರೆ ಇದ್ದರೂ ಅದೇ ಉತ್ತರ. ಸ್ಕ್ರೂ ತುದಿಯ ಅಯಸ್ಕಾಂತದಲ್ಲಿ ಕಪ್ಪು ಪೇಸ್ಟ್ ಇದ್ದರೆ ಚಿಂತೆ ಇಲ್ಲ, ಅದು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಗೇರ್ ಹಲ್ಲು ಹೋಗಿದೆ.

ಇಷ್ಟು ನೋಡಿ ಹೇಳಿ. ಸ್ಟಾರ್ಟ್ ಮಾಡುವುದು ಆಮೇಲೆ.


ಕೊರಟಗೆರೆ ಅಕ್ಕ

ಆಯಿಲ್ ತೆಗೆಯುವಾಗ ಕೆರೆ ದಡದಲ್ಲಿ ಬೇಡ ತಮ್ಮ. ಮನೆ ಅಂಗಳಕ್ಕೆ ತಂದು, ಕೆಳಗೆ ಟಬ್ ಇಟ್ಟು ಮಾಡಿ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಕೆರೆಗಳು ಕುಡಿಯುವ ನೀರಿನವು. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯ ಹೇಮಾವತಿ ನೀರೇ ಆಧಾರ. ನಿಮ್ಮ ಕೆರೆ ಹಾಗಿಲ್ಲದಿದ್ದರೂ ದನ ಕುಡಿಯುತ್ತವೆ, ಮೀನು ನಿಮ್ಮದೇ. ಸೀಲು ಹೋದ ಎಂಜಿನ್ ಓಡಿಸಿದರೆ ಒಳಗೆ ನೀರು ಹೋಗುವುದಷ್ಟೇ ಅಲ್ಲ, ಆಯಿಲ್ ಹೊರಗೂ ಬರುತ್ತದೆ. ನಿಂತ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡರೆ ಅದೇ.

ಇನ್ನೊಂದು. ಇನ್ಶೂರೆನ್ಸ್ ಇದ್ದರೆ ಏನೂ ಉಜ್ಜುವ ಮುಂಚೆ ಫೋಟೋ ತೆಗೆಯಿರಿ. ಅವರ ಸರ್ವೇಯರ್ ನೋಡುವ ಮುಂಚೆ ರಿಪೇರಿ ಮಾಡಿದರೆ ಕ್ಲೇಮ್ ಕಷ್ಟ. ಸಂಘದ ರಿಜಿಸ್ಟರ್‌ನಲ್ಲೂ ಯಾವಾಗ, ಎಲ್ಲಿ, ಯಾರು ಓಡಿಸುತ್ತಿದ್ದರು ಅಂತ ಬರೆದಿಡಿ. ಯಾರನ್ನೋ ಹಿಡಿದು ಬೈಯಲು ಅಲ್ಲ. ಮುಂದೆ ಕಾಗದ ಕೇಳಿದಾಗ ಬೇಕಾಗುತ್ತದೆ.


ಸುಮ್ನೆ ಓದೋನು

ಕೆರೆ ಬೋಟಿಗೂ ಇನ್ಶೂರೆನ್ಸಾ ಅಕ್ಕ 🙂


ಕೊರಟಗೆರೆ ಅಕ್ಕ

ಯಾಕೆ ಬೇಡ? ಎಂಜಿನ್ ಇದೆ, ಜನ ಕೂರುತ್ತಾರೆ. 1917ರ ಹಳೆ ಕಾಯ್ದೆ ಹೋಗಿ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ. ಯಂತ್ರದಿಂದ ಓಡುವ ದೋಣಿಗಳ ನೋಂದಣಿ, ತಪಾಸಣೆ, ವಿಮೆ, ಅಪಘಾತದ ವರದಿ ಎಲ್ಲದರ ಮಾತೂ ಅದರಲ್ಲಿದೆ. ಯಾವುದು ನಿಮಗೆ ಅನ್ವಯ ಅಂತ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು, ನಗುವ ವಿಷಯ ಅಲ್ಲ.


ಹಿರೇಹಳ್ಳಿ ಫೈಬರ್

ಎಂಜಿನ್ ಬಗ್ಗೆ ಅಣ್ಣ ಹೇಳಿದರು. ತಳದ ಬಗ್ಗೆ ನಾನು ಹೇಳುತ್ತೇನೆ. ನಮ್ಮದು ಫೈಬರ್ ಬಾಗಿಲು, ನೀರಿನ ಟ್ಯಾಂಕ್ ಮಾಡುವ ಶೆಡ್. ಬೋಟೂ ಅದೇ ಗಾಜಿನ ನಾರಿನ ಮ್ಯಾಟ್, ಅದೇ ಅಂಟು ರೆಸಿನ್.

ಗೀರಿನ ಫೋಟೋ ಹತ್ತಿರದಿಂದ ಹಾಕಿ. ಮೇಲಿನ ಬಣ್ಣದ ಪದರ, ಅಂದರೆ ಜೆಲ್‌ಕೋಟ್ ಮಾತ್ರ ಹೋಗಿದೆಯಾ, ಇಲ್ಲಾ ಒಳಗಿನ ಗಾಜಿನ ನಾರು ಕಾಣುತ್ತಿದೆಯಾ? ನಾರು ಕಂಡರೆ ಎಂ-ಸೀಲ್ ಮೆತ್ತಿ ಮುಚ್ಚಬೇಡಿ. ನಾರಿನ ಉದ್ದಕ್ಕೂ ನೀರು ಒಳಗೆ ಹತ್ತುತ್ತದೆ. ಒಳಗೆ ಸೇರಿದ ನೀರಿನ ಮೇಲೆ ಎಂ-ಸೀಲ್ ಮುಚ್ಚಳ ಹಾಕಿದರೆ ಅದು ಹೊರಗೆ ಬರುವ ದಾರಿಯೂ ಇಲ್ಲ.

ಬೋಟ್ ಮಗುಚಿ ಹಾಕಿ. ಐದು ರೂಪಾಯಿ ನಾಣ್ಯ ತಗೊಂಡು ಗೀರಿನಿಂದ ದೂರದಲ್ಲಿ, ಗಟ್ಟಿ ಇರುವ ಕಡೆ ಮೊದಲು ತಟ್ಟಿ. ಆ ಸದ್ದು ಕಿವಿಗೆ ಕೂರಲಿ. ಆಮೇಲೆ ತಟ್ಟುತ್ತಾ ತಟ್ಟುತ್ತಾ ಗೀರಿನ ಕಡೆ ಬನ್ನಿ. ತಿಪಟೂರಿನವರು ಕಾಯಿ ತಟ್ಟಿ ಬಲಿತದ್ದು ಯಾವುದು, ಎಳೆಯದು ಯಾವುದು ಅಂತ ಹೇಳುತ್ತಾರಲ್ಲ, ಹಾಗೇ ಇದು. ಟಣಟಣ ಅನ್ನುವ ಜಾಗ ಗಟ್ಟಿ. ದಬದಬ ಅಂತ ಮಂಕಾದರೆ ಒಳಗೆ ಪದರ ಬಿಟ್ಟಿದೆ. ಎಲ್ಲಿಂದ ಎಲ್ಲಿಗೆ ಸದ್ದು ಬದಲಾಯಿತೋ ಅಲ್ಲಿಗೆ ಮಾರ್ಕರ್‌ನಲ್ಲಿ ಗೆರೆ ಹಾಕಿ. ಗೀರು ಮೊಳದುದ್ದ ಇದ್ದರೂ ಗೆರೆ ಅದಕ್ಕಿಂತ ದೊಡ್ಡದಾಗಬಹುದು.

ಆಮೇಲೆ ಅದೇ ಜಾಗವನ್ನು ಬೋಟಿನ ಒಳಗಿನಿಂದ ನೋಡಿ. ಹಲಗೆ ಎತ್ತಿ, ಟಾರ್ಚ್ ಹಾಕಿ. ತಳದ ಉದ್ದಕ್ಕೆ ಓಡುವ ಪಟ್ಟಿಗಳು ತಳಕ್ಕೆ ಅಂಟಿಕೊಂಡಿವೆಯಾ, ಸಂದಿನಲ್ಲಿ ಬಿಳಿ ಗೆರೆ ಬಿದ್ದಿದೆಯಾ? ಪೆಟ್ಟು ಹೊರಗೆ ಬಿದ್ದರೂ ತಳ ಒಳಕ್ಕೆ ಬಾಗಿ ವಾಪಸ್ ಬಂದಿರುತ್ತದೆ. ಆಗ ಮುರಿಯುವುದು ಒಳಗಿನ ಪದರ. ಹೊರಗೆ ನಕ್ಷತ್ರದ ಆಕಾರದ ಸಣ್ಣ ಬಿರುಕು ಇದ್ದರೆ ಅಲ್ಲಿ ತಳ ಬಾಗಿದೆ ಅಂತಲೇ ಅರ್ಥ.


ಬೇತಮಂಗಲದವ

ಕೋಲಾರ ಕಡೆ ನಮಗೆ ಬಂಡೆಗಿಂತ ಜಾಲಿ ಬೊಡ್ಡೆ ಕಾಟ. ವರ್ಷಗಟ್ಟಲೆ ಒಣಗಿದ್ದ ಕೆರೆಗಳ ಅಂಗಳದಲ್ಲಿ ಸೀಮೆಜಾಲಿ ಕಾಡೇ ಬೆಳೆದಿತ್ತು. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಅದೇ ಕೆ.ಸಿ. ವ್ಯಾಲಿ ನೀರು, ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು, ಆಮೇಲೆ ಒಂದೊಂದೇ ಕೆರೆಗೆ. 2021ರ ನವೆಂಬರ್ ಮಳೆಗೆ ಉಳಿದವೂ ತುಂಬಿದವು. ಕಡಿದರೂ ಬೊಡ್ಡೆ ಒಳಗೇ ಉಳಿಯಿತು. ಮೇಲಿನಿಂದ ನೋಡಿದರೆ ಕೆರೆ ತುಂಬಾ ಚೆಂದ. ಒಳಗೆ ಮುಳ್ಳು, ಬೊಡ್ಡೆ, ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿ.

ಬಂಡೆ ಗೀರು ಹಾಕುತ್ತದೆ. ಬೊಡ್ಡೆ ಚುಚ್ಚುತ್ತದೆ. ಎರಡರ ಗುರುತೂ ಬೇರೆ. ಚುಚ್ಚಿದ್ದರೆ ಹೊರಗೆ ರೂಪಾಯಿ ಅಗಲ, ಒಳಗೆ ಅಂಗೈ ಅಗಲ ಒಡೆದಿರುತ್ತದೆ. ಅದಕ್ಕೇ ಫೈಬರ್ ಅಣ್ಣ ಹೇಳಿದ ಹಾಗೆ ಒಳಗಿನಿಂದ ನೋಡಲೇಬೇಕು.

ಇನ್ನೊಂದು ವಿಷಯ, ನಮ್ಮಲ್ಲಿ ಅಂತರಗಂಗೆ ಕಳೆ ಜಾಸ್ತಿ. ಅದರ ಬೇರು ಎಂಜಿನ್ನಿನ ನೀರು ಎಳೆಯುವ ಜಾಲರಿಗೆ ಕಚ್ಚಿಕೊಳ್ಳುತ್ತದೆ. ಕೆಸರಿಗೆ ಹತ್ತಿದ ಮೇಲೆ ಜಾಲರಿ ಕೂಡ ತೊಳೆದು ನೋಡಿ.


ಚಿಕ್ಕಬಳ್ಳಾಪುರ ನಿವೃತ್ತ ಫೈರ್‌ಮನ್

ಎಲ್ಲರೂ ರಿಪೇರಿ ಮಾತಾಡುತ್ತಿದ್ದೀರಿ. ಹತ್ತಿ ನಿಂತ ಆ ಹತ್ತು ನಿಮಿಷದ ಬಗ್ಗೆ ಒಂದು ಮಾತು. ನಮ್ಮ ಹುಡುಗರಿಗೆ ಹೇಳಿಕೊಡುತ್ತಿದ್ದದ್ದು ಇದೇ. ಬೋಟ್ ಬಂಡೆ ಮೇಲೆ ಕೂತ ತಕ್ಷಣ ಎಳೆಯಬೇಡಿ. ಮೊದಲು ಜನರ ಲೆಕ್ಕ, ಜಾಕೆಟ್. ಆಮೇಲೆ ತಳದ ಹಲಗೆ ಎತ್ತಿ ನೀರು ಬರುತ್ತಿದೆಯಾ ನೋಡಿ. ಯಾಕೆಂದರೆ ತೂತು ಮಾಡಿದ ಬಂಡೆಯೇ ಆ ತೂತನ್ನು ಮುಚ್ಚಿಕೊಂಡಿರಬಹುದು. ಎಳೆದು ಆಳಕ್ಕೆ ತಂದ ಮೇಲೆ ನೀರು ನುಗ್ಗುತ್ತದೆ. ಕೂತ ಜಾಗದಲ್ಲಿ ಮೊಣಕಾಲುದ್ದ ನೀರು, ಎಳೆದು ತಂದ ಜಾಗದಲ್ಲಿ ಎರಡಾಳು ನೀರು. ಯಾವುದು ವಾಸಿ ನೀವೇ ಹೇಳಿ.

ನೀರು ಬರುತ್ತಿದ್ದರೆ ಅಲ್ಲೇ ಬಟ್ಟೆ, ಟ್ಯೂಬ್, ಕೈಗೆ ಸಿಕ್ಕಿದ್ದು ತುರುಕಿ, ಇನ್ನೊಂದು ದೋಣಿ ಬರುವವರೆಗೆ ಕಾಯಿರಿ. ಬರದಿದ್ದರೆ ಎಂಜಿನ್ ಎತ್ತಿ, ಜನರನ್ನು ಬಂಡೆಗೆ ತಗುಲಿದ ಭಾಗದಿಂದ ಆ ಕಡೆಗೆ ಸರಿಸಿ, ಬಂದ ದಾರಿಯಲ್ಲೇ ಗಳದಿಂದ ಹಿಂದಕ್ಕೆ ತಳ್ಳಿ. ಮುಂದಕ್ಕೆ ದಾಟಿಸಲು ಹೋಗಬೇಡಿ.

ನಮ್ಮಲ್ಲಿದ್ದದ್ದು ಗಾಳಿ ತುಂಬುವ ರಬ್ಬರ್ ಬೋಟ್. ಬೇತಮಂಗಲದವರು ಹೇಳಿದ ಜಾಲಿ ಮುಳ್ಳು ಅದಕ್ಕೆ ಯಮ. ಪುಣ್ಯಕ್ಕೆ ಅದರಲ್ಲಿ ಗಾಳಿಯ ಕೋಣೆಗಳು ಬೇರೆ ಬೇರೆ ಇರುತ್ತವೆ, ಒಂದು ಹೋದರೆ ಇನ್ನೊಂದು ಹಿಡಿಯುತ್ತದೆ. ಬಂದ ಮೇಲೆ ಗಟ್ಟಿಯಾಗಿ ಗಾಳಿ ಹೊಡೆದು, ಸೋಪು ನೀರು ಬಳಿದು, ಗುಳ್ಳೆ ಏಳುವ ಕಡೆ ಗುರುತು ಮಾಡುತ್ತಿದ್ದೆವು.


ಅಂತರಸನಹಳ್ಳಿ ಲೇತ್

ಶಾಫ್ಟ್ ಬಾಗಿದ್ದರೆ ತನ್ನಿ, ಬಾಗು ಅಳೆಯುವ ಡಯಲ್ ಗೇಜ್ ಇಟ್ಟು ನೋಡಿ ಪ್ರೆಸ್‌ನಲ್ಲಿ ನೆಟ್ಟಗೆ ಮಾಡಿಕೊಡುತ್ತೇನೆ. ಎಲೆಗೆ ಆರ್ಗಾನ್ ವೆಲ್ಡಿಂಗ್ ಮಾಡಬಹುದು. ಹೊಸದಕ್ಕೆ ದುಡ್ಡು ಹಾಕಬೇಡಿ.


ಗಂಗೊಳ್ಳಿಯಿಂದ ತುಮಕೂರಿಗೆ

ಗೇಜ್ ಇಟ್ಟು ನೋಡಿಕೊಡಿ, ಅದು ದೊಡ್ಡ ಉಪಕಾರ. ನೆಟ್ಟಗೆ ಮಾಡುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ ಗುರುಗಳೇ. ಟ್ರ್ಯಾಕ್ಟರ್ ರಾಡ್ ಬೇರೆ, ಇದು ಬೇರೆ. ಈ ಶಾಫ್ಟ್ ಮೇಲೆ ಸೀಲಿನ ತುಟಿ ಕೂತು ತಿರುಗಬೇಕು. ಒಮ್ಮೆ ಬಾಗಿ ನೆಟ್ಟಗಾದ ಶಾಫ್ಟ್ ಗೇಜ್‌ನಲ್ಲಿ ಸರಿ ಕಂಡರೂ ಒಳಗೆ ಸಣ್ಣ ಬಿರುಕು ಇರಬಹುದು. ಕೆರೆ ನಡುವೆ ಮುರಿದರೆ ಹುಟ್ಟು ಹಾಕಿಕೊಂಡು ಬರಬೇಕು.


ಅಂತರಸನಹಳ್ಳಿ ಲೇತ್

ನಾವು ಎಷ್ಟೋ ಬೋರ್‌ವೆಲ್ ಪಂಪ್ ಶಾಫ್ಟ್ ನೆಟ್ಟಗೆ ಮಾಡಿದ್ದೇವೆ. ಚೆನ್ನಾಗೇ ಓಡುತ್ತಿವೆ.


ಗಂಗೊಳ್ಳಿಯಿಂದ ತುಮಕೂರಿಗೆ

ಓಡುತ್ತವೆ, ಇಲ್ಲ ಅನ್ನಲ್ಲ. ಪಂಪ್ ನಿಂತರೆ ತೋಟಕ್ಕೆ ಒಂದು ದಿನ ನೀರಿಲ್ಲ ಅಷ್ಟೇ. ಇಲ್ಲಿ ಜನ ಇರುತ್ತಾರೆ.

ಎಲೆ ವಿಷಯ ಬೇರೆ. ಅಂಚಿನಲ್ಲಿ ಸಣ್ಣ ಕಚ್ಚು ಇದ್ದರೆ ಅರದಲ್ಲಿ ಉಜ್ಜಿ ನುಣುಪು ಮಾಡಿ, ತಪ್ಪಿಲ್ಲ. ತುದಿಯೇ ಹೋಗಿದ್ದರೆ ಎಲೆಗಳ ತೂಕ ಸಮ ಇರುವುದಿಲ್ಲ. ತಿರುಗುವಾಗ ನಡುಗುತ್ತದೆ. ಆ ನಡುಕ ಬೇರಿಂಗ್, ಸೀಲು ಎರಡನ್ನೂ ತಿನ್ನುತ್ತದೆ. ವೆಲ್ಡ್ ಮಾಡಿದರೆ ಆಕಾರ, ಓರೆ ಎಲ್ಲಾ ಅಳತೆಗೆ ತರಬೇಕು, ಅದಕ್ಕೆ ಬೇರೆ ಅಚ್ಚು ಬೇಕು. 15 ಎಚ್‌ಪಿ ಪ್ರೊಪೆಲ್ಲರ್ ಕರಾವಳಿಯಲ್ಲಿ ಸುಲಭವಾಗಿ ಸಿಗುತ್ತದೆ. ಹಳೆಯದನ್ನು ಉಜ್ಜಿ ಸ್ಪೇರ್ ಇಟ್ಟುಕೊಳ್ಳಿ.

ಆರ್ಗಾನ್ ನಿಜವಾಗಿ ಉಪಯೋಗಕ್ಕೆ ಬರುವುದು ಗೇರ್ ಕೇಸಿನ ಕೆಳಗಿನ ರೆಕ್ಕೆ ಮುರಿದರೆ. ಅದನ್ನು ವೆಲ್ಡ್ ಮಾಡಿಸಬಹುದು. ಆದರೆ ಆಯಿಲ್ ಖಾಲಿ ಮಾಡಿ, ಒಳಗಿನದ್ದು ಬಿಚ್ಚಿ ಮಾಡಿಸಿ. ಇಲ್ಲದಿದ್ದರೆ ಶಾಖಕ್ಕೆ ಸೀಲು ಸುಡುತ್ತದೆ.


ಅಂತರಸನಹಳ್ಳಿ ಲೇತ್

ಸರಿ, ಎಲೆ ವಿಷಯ ಒಪ್ಪಿದೆ. ಶಾಫ್ಟ್ ವಿಷಯದಲ್ಲಿ ನನ್ನ ಮಾತು ನನಗೆ. ಗೇಜ್ ಇಡಲು ದುಡ್ಡು ಬೇಡ, ತನ್ನಿ.


ಕೆರೆಹಿಂದಿನಹಳ್ಳಿ

ಎಲ್ಲರಿಗೂ ಥ್ಯಾಂಕ್ಸ್. ಅಧ್ಯಕ್ಷರಿಗೆ ಇದನ್ನೆಲ್ಲಾ ಓದಿ ಹೇಳಿದೆ. ಮುಖ ಸಣ್ಣದಾಯಿತು, ಆದರೆ ಒಪ್ಪಿದರು. ಮೀನಿನ ಗಾಡಿಗೆ ಹರಿಗೋಲಿನಲ್ಲೇ ಬಲೆ ಎಳೆದೆವು, ಮಾಲು ಕಡಿಮೆ ಆಯಿತು, ಆಗಲಿ.

ನೋಡಿದ್ದು ಹೇಳುತ್ತೇನೆ. ಶಾಫ್ಟ್ ಪೆನ್ಸಿಲ್ ಇಟ್ಟು ನೋಡಿದರೆ ಸಂದು ಒಂದೇ ಸಮ. ಖುಷಿಯಾಯಿತು. ಪ್ರೊಪೆಲ್ಲರ್ ಬಿಚ್ಚಿದರೆ ಹಿಂದೆ ಬಲೆಯ ನೂಲು ಮುದ್ದೆಯಾಗಿ ಸುತ್ತಿಕೊಂಡಿತ್ತು. ಕತ್ತರಿಯಲ್ಲಿ ಕತ್ತರಿಸಿ ತೆಗೆಯಬೇಕಾಯಿತು. ಸೀಲಿನ ತುಟಿ ಒಂದು ಕಡೆ ಹರಿದಿದೆ. ಬೆಳಿಗ್ಗೆ ಕೆಳಗಿನ ಸ್ಕ್ರೂ ಸಡಿಲಿಸಿದರೆ ಮೊದಲು ನೀರು, ಆಮೇಲೆ ಬೆಳ್ಳಗಿನ ಆಯಿಲ್. ಲೋಹದ ಚೂರು ಇಲ್ಲ.

ತಳದಲ್ಲಿ ನಾರು ಕಾಣುತ್ತಿದೆ. ನಾಣ್ಯ ತಟ್ಟಿದರೆ ಗೀರಿನ ಎಡಕ್ಕೆ ಎರಡು ಅಂಗೈ ಅಗಲ ಮಂಕು ಸದ್ದು. ಒಳಗೆ ಪಟ್ಟಿ ಬಿಟ್ಟಿಲ್ಲ.

ನನಗೆ ಅರ್ಥವಾಗದ್ದು, ಶಾಫ್ಟ್ ನೆಟ್ಟಗಿದೆ ಅಂದಮೇಲೆ ನೀರು ಹೇಗೆ ಹೋಯಿತು?


ಗಂಗೊಳ್ಳಿಯಿಂದ ತುಮಕೂರಿಗೆ

ಬಂಡೆಗೂ ಆ ನೀರಿಗೂ ಸಂಬಂಧ ಇರಲಾರದು. ನೂಲು ಸುತ್ತಿ ಸುತ್ತಿ ಸೀಲನ್ನು ಕೊಯ್ದಿದೆ. ಒಂದು ದಿನದ ಕೆಲಸ ಅಲ್ಲ ಅದು. ಬಂಡೆಗೆ ಹತ್ತದಿದ್ದರೆ ನೀವು ಆಯಿಲ್ ನೋಡುತ್ತಲೇ ಇರಲಿಲ್ಲ. ಇನ್ನಷ್ಟು ದಿನ ಓಡಿಸಿದ್ದರೆ ಬೇರಿಂಗ್ ತುಕ್ಕು ಹಿಡಿದು ಗೇರ್ ಕೇಸೇ ಹೋಗುತ್ತಿತ್ತು. ಸಂಘದ ಹುಡುಗರನ್ನು ಬೈಯುವವರಿಗೆ ಇದನ್ನೂ ಹೇಳಿ.

ಸೀಲು ಜೋಡಿಯಾಗಿ ಬರುತ್ತವೆ, ಎರಡೂ ಬದಲಾಯಿಸಿ. ಕೂರಿಸಿದ ಮೇಲೆ ಗೇರ್ ಕೇಸ್‌ಗೆ ಸಣ್ಣ ಒತ್ತಡದ ಗಾಳಿ ಕೊಟ್ಟು ನಿಲ್ಲುತ್ತದಾ ನೋಡಬೇಕು. ಹೊಸ ಆಯಿಲ್ ತುಂಬುವಾಗ ಮೇಲಿನ ತೂತಿನಿಂದ ಸುರಿಯಬೇಡಿ, ಗಾಳಿ ಸಿಕ್ಕಿಕೊಳ್ಳುತ್ತದೆ. ಎರಡೂ ಸ್ಕ್ರೂ ತೆಗೆದು ಕೆಳಗಿನ ತೂತಿನಿಂದ ಒತ್ತಿ ತುಂಬಿ, ಮೇಲಿನ ತೂತಿನಲ್ಲಿ ಗುಳ್ಳೆ ಇಲ್ಲದೆ ಆಯಿಲ್ ಬಂದಾಗ ಮೊದಲು ಮೇಲಿನದನ್ನು ಮುಚ್ಚಿ, ಆಮೇಲೆ ಕೆಳಗಿನದು. ವಾಷರ್ ಹೊಸದು ಹಾಕಿ. ಈ ಅಳತೆಯ ಎಂಜಿನ್‌ಗೆ ಕಾಲು ಲೀಟರ್ ಆಸುಪಾಸು ಹಿಡಿಯುತ್ತದೆ. ಸಾಮಾನ್ಯವಾಗಿ 90ರ ಹೈಪಾಯ್ಡ್ ಗೇರ್ ಆಯಿಲ್, ನಿಮ್ಮ ಎಂಜಿನ್ ಪುಸ್ತಕ ನೋಡಿ ತನ್ನಿ.

ಟ್ರಾನ್ಸಮ್ ನೋಡಿದ್ದು ಹೇಳಲೇ ಇಲ್ಲ. ಎಂಜಿನ್ ಬೋಟಿಗೆ ಹಾಕಿ, ಅರ್ಧ ಎತ್ತಿ ನಿಲ್ಲಿಸಿ. ಒಬ್ಬರು ಗೇರ್ ಕೇಸ್ ಹಿಡಿದು ಮೇಲೆ ಕೆಳಗೆ ಅಲುಗಿಸಲಿ. ಇನ್ನೊಬ್ಬರು ಹಲಗೆಯನ್ನೇ ನೋಡುತ್ತಿರಲಿ. ಎಂಜಿನ್ ಜೊತೆ ಹಲಗೆಯೂ ಬಾಗಿದರೆ, ಕಿರ್ ಅಂದರೆ, ಬೋಲ್ಟ್ ತೂತಿನಿಂದ ಕಂದು ನೀರು ಇಳಿದರೆ ಒಳಗಿನ ಪ್ಲೈವುಡ್ ಕೊಳೆತಿದೆ. ಸೆಕೆಂಡ್ ಹ್ಯಾಂಡ್ ಬೋಟಿನಲ್ಲಿ ಇದೇ ನನಗೆ ಜಾಸ್ತಿ ಭಯ. ತಳ ಸೋರಿದರೆ ನೀರು ಹೊರಗೆ ಹಾಕಿಕೊಂಡು ದಡ ಸೇರಬಹುದು. ಹಲಗೆ ಕಿತ್ತರೆ ಎಂಜಿನ್ ಕೆರೆ ತಳ ಸೇರುತ್ತದೆ, ಬೋಟಿನ ಹಿಂಭಾಗವೂ ತೆರೆದುಕೊಳ್ಳುತ್ತದೆ.


ಹಿರೇಹಳ್ಳಿ ಫೈಬರ್

ತಳದ ಕೆಲಸ ನೀವೇ ಮಾಡುವುದಾದರೆ ಕೇಳಿ.

ಮೊದಲು ಒಣಗಬೇಕು. ಬೋಟ್ ಮಗುಚಿ ಗಾಳಿ ಆಡುವ ಕಡೆ ಇಡಿ. ಗೀರಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ ರಾತ್ರಿ ಬಿಡಿ. ಬೆಳಿಗ್ಗೆ ಒಳಗೆ ಹನಿ ಕಟ್ಟಿದ್ದರೆ ಇನ್ನೂ ಒದ್ದೆ, ಕಾಯಿರಿ. ಈ ಬಿಸಿಲಿಗೆ ಬೇಗ ಒಣಗುತ್ತದೆ.

ಒಣಗಿದ ಮೇಲೆ ಮಂಕು ಸದ್ದಿನ ಜಾಗ ಪೂರ್ತಿ ಗ್ರೈಂಡ್ ಮಾಡಿ ತೆಗೆಯಿರಿ. ಅಂಚು ನೇರ ಕತ್ತರಿಸಬೇಡಿ, ಇಳಿಜಾರು ಬಿಡಿ. ಒಂದು ಮಿಲಿಮೀಟರ್ ಆಳಕ್ಕೆ ಹನ್ನೆರಡು ಮಿಲಿಮೀಟರ್ ಅಗಲ ಅಂತ ಲೆಕ್ಕ. ಹೊಸ ಪದರ ಹಿಡಿಯುವುದು ಆ ಇಳಿಜಾರಿನಲ್ಲೇ. ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಬೇಕೇ ಬೇಕು. ಗಾಜಿನ ಪುಡಿ ಮೈಗೆ ಹತ್ತಿದರೆ ಎರಡು ದಿನ ಕೆರೆದುಕೊಳ್ಳಬೇಕು, ಶ್ವಾಸಕ್ಕೆ ಹೋದರೆ ಇನ್ನೂ ಕೆಟ್ಟದ್ದು. ಅಸಿಟೋನ್‌ನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಮ್ಯಾಟ್ ಹಾಕಿ. ಸಣ್ಣ ತುಂಡಿನಿಂದ ದೊಡ್ಡದಕ್ಕೆ, ಪದರದ ಮೇಲೆ ಪದರ, ರೋಲರ್‌ನಲ್ಲಿ ಗಾಳಿ ತೆಗೆಯುತ್ತಾ.

ಈಗ ಮುಖ್ಯ ಮಾತು. ಅಂಗಡಿಯಲ್ಲಿ ಪಾಲಿಯೆಸ್ಟರ್ ರೆಸಿನ್ ಕೇಳಿದರೆ ಜೊತೆಗೆ ಎರಡು ಬಾಟಲಿ ಕೊಡುತ್ತಾರೆ. ನೇರಳೆ ಬಣ್ಣದ್ದು ಕೋಬಾಲ್ಟ್, ನೀರಿನ ಹಾಗೆ ಇರುವುದು ಹಾರ್ಡನರ್. ಈ ಎರಡನ್ನೂ ನೇರವಾಗಿ ಒಂದಕ್ಕೊಂದು ಸೇರಿಸಬಾರದು. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ. ಅದು ಪೂರ್ತಿ ಬೆರೆತ ಮೇಲೆ ಹಾರ್ಡನರ್, ರೆಸಿನ್ ತೂಕದ ಶೇಕಡಾ 1ರಿಂದ 2ರ ಒಳಗೆ. ಬೇಸಿಗೆ ಮಧ್ಯಾಹ್ನ ಕಡಿಮೆ ಹಾಕಿ, ಇಲ್ಲದಿದ್ದರೆ ಡಬ್ಬದಲ್ಲೇ ಗಟ್ಟಿಯಾಗುತ್ತದೆ. ಬಾಟಲಿ ಎರಡನ್ನೂ ಬೇರೆ ಬೇರೆ ಕಡೆ ಇಡಿ, ಅಳೆಯುವ ಲೋಟವೂ ಬೇರೆ ಇರಲಿ. ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಪಕ್ಕದಲ್ಲಿ ಬಕೆಟ್ ನೀರು ಇಟ್ಟುಕೊಂಡೇ ಶುರು ಮಾಡಿ, ಹಾರಿದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೋಗಿ.

ನಿಜ ಹೇಳಬೇಕೆಂದರೆ ತಂದುಬಿಡಿ, ನಾವೇ ಮಾಡಿಕೊಡುತ್ತೇವೆ.


ತಿಪಟೂರು ಲಾರಿ

ಕಾಯಿ ಮಾತು ಬಂದಿದ್ದಕ್ಕೆ ಬಂದೆ 🙂 ಒಂದು ಐಡಿಯಾ. ಬೋಟನ್ನು ಹಿರೇಹಳ್ಳಿಗೆ ಗಾಡಿಯಲ್ಲಿ ತರುತ್ತೀರಲ್ಲ, ದಾರಿಯಲ್ಲಿ ವೇಬ್ರಿಡ್ಜ್ ಮೇಲೆ ಹತ್ತಿಸಿ. ಗಾಡಿ ಖಾಲಿ ತೂಕ ಕಳೆದರೆ ಬೋಟಿನ ತೂಕ. ಕೊಂಡಾಗಿನ ಕಾಗದದಲ್ಲಿ ಇರುವ ತೂಕಕ್ಕಿಂತ ತುಂಬಾ ಜಾಸ್ತಿ ಬಂದರೆ ಒಳಗೆ ಎಲ್ಲೋ ನೀರು ಕುಡಿದಿದೆ ಅಂತ ಅಲ್ವಾ?


ಹಿರೇಹಳ್ಳಿ ಫೈಬರ್

ಒಳ್ಳೆ ಐಡಿಯಾ ಗುರು. ಹದಿನೈದು, ಇಪ್ಪತ್ತು ಕೆಜಿ ವ್ಯತ್ಯಾಸ ವೇಬ್ರಿಡ್ಜ್ ನಂಬಿ ಹೇಳಲಾಗದು. ಆದರೆ ಸೀಟಿನ ಕೆಳಗಿನ ಫೋಮ್ ನೆನೆದರೆ ತೂಕ ಅದಕ್ಕಿಂತ ಎಷ್ಟೋ ಜಾಸ್ತಿ ಏರುತ್ತದೆ.


ಕೆರೆಹಿಂದಿನಹಳ್ಳಿ

ತಳದ ಕೆಲಸ ಮುಗಿಯಿತು. ಫೈಬರ್ ಅಣ್ಣನ ಶೆಡ್ಡಿನಲ್ಲೇ ಮಾಡಿಸಿದೆವು. ಟ್ರಾನ್ಸಮ್ ಗಟ್ಟಿ ಇದೆ, ಎರಡು ಬೋಲ್ಟ್ ಸುತ್ತ ಮಾತ್ರ ಹಳೆ ಸೀಲೆಂಟ್ ತೆಗೆದು ಹೊಸದು ಹಾಕಿದರು. ಲೇತ್ ಅಣ್ಣ ಗೇಜ್ ಇಟ್ಟು ನೋಡಿದರು, ಶಾಫ್ಟ್ ಸರಿ ಇದೆ. ಸೀಲು, ಪ್ರೊಪೆಲ್ಲರ್ ಹೊಸದು. ಈಗ ಸ್ಟಾರ್ಟ್ ಮಾಡಬಹುದಾ?


ಗಂಗೊಳ್ಳಿಯಿಂದ ತುಮಕೂರಿಗೆ

ಮೊದಲು ದೊಡ್ಡ ಡ್ರಮ್‌ನಲ್ಲಿ. ಪ್ರೊಪೆಲ್ಲರ್ ಬಿಚ್ಚಿ, ನೀರು ಎಳೆಯುವ ಜಾಲರಿ ಪೂರ್ತಿ ಮುಳುಗುವ ಹಾಗೆ ನೀರು ತುಂಬಿ, ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ಓಡಿಸಿ. ಶೆಡ್ಡಿನ ಒಳಗೆ ಬೇಡ, ಬಯಲಿನಲ್ಲಿ. ಒಣ ಎಂಜಿನ್ ಒಂದು ಕ್ಷಣವೂ ಬೇಡ, ಇಂಪೆಲ್ಲರ್ ನೀರಿಲ್ಲದೆ ತಿರುಗಿದರೆ ಸುಡುತ್ತದೆ. ಹಿಂದಿನ ಸಣ್ಣ ತೂತಿನಿಂದ ನೀರಿನ ಧಾರೆ ಒಂದೇ ಸಮ ಬರಬೇಕು. ಬಿಟ್ಟು ಬಿಟ್ಟು ಬಂದರೆ ಮೊದಲು ತೂತಿಗೆ ತಂತಿ ಹಾಕಿ ನೋಡಿ, ಕೆಸರು ಇರಬಹುದು. ಆಮೇಲೂ ಹಾಗೇ ಇದ್ದರೆ ಇಂಪೆಲ್ಲರ್ ಬಿಚ್ಚಿ. ಸ್ಟಾರ್ಟ್ ಆಗಲು ಹಟ ಮಾಡಿದರೆ, ಹಿಂದಕ್ಕೆ ಒದ್ದರೆ, ಫ್ಲೈವೀಲ್ ಕೀ, ಅಂದರೆ ಎಂಜಿನ್ ಮೇಲಿನ ಚಕ್ರವನ್ನು ಶಾಫ್ಟ್‌ಗೆ ಹಿಡಿಸುವ ಸಣ್ಣ ಬೆಣೆ, ಕತ್ತರಿಸಿರಬಹುದು. ಏಕ್‌ದಂ ನಿಂತ ಎಂಜಿನ್‌ನಲ್ಲಿ ಅದೂ ಆಗುತ್ತದೆ.

ಕೆರೆಗೆ ಇಳಿಸಿದ ಮೇಲೆ ದಡದ ಹತ್ತಿರವೇ ಓಡಾಡಿ. ತಳದ ನೀರು ಬಿಡುವ ತೂತಿನ ಬಿರಡೆ, ಡ್ರೈನ್ ಪ್ಲಗ್, ಹಾಕಿದ್ದು ನೋಡಿಕೊಳ್ಳಿ! ಹುಟ್ಟು, ಜಾಕೆಟ್, ಜೊತೆಗೊಂದು ಹರಿಗೋಲು ಇರಲಿ. ಎಂಜಿನ್ ಸದ್ದು ಏರಿ ಬೋಟ್ ಮಾತ್ರ ಓಡದಿದ್ದರೆ ಪ್ರೊಪೆಲ್ಲರ್ ನಡುವಿನ ರಬ್ಬರ್ ಜಾರುತ್ತಿದೆ. ನಿಮ್ಮದು ಹೊಸದು, ಆ ಚಿಂತೆ ಇಲ್ಲ. ಆದರೆ ಹಳೆಯದನ್ನು ಸ್ಪೇರ್ ಇಡುವ ಮುಂಚೆ ಪರೀಕ್ಷೆ ಮಾಡಿ. ಒಳಗಿನ ಕೊಳವೆಯಿಂದ ಹೊರಗಿನ ಲೋಹದವರೆಗೆ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಓಡಿಸಿ ಬಂದು ನೋಡಿ. ಗೆರೆ ಎರಡು ತುಂಡಾಗಿ ಸರಿದಿದ್ದರೆ ಗುಜರಿಗೆ.


ಕೆರೆಹಿಂದಿನಹಳ್ಳಿ

ಡ್ರಮ್‌ನಲ್ಲಿ ಧಾರೆ ಚೆನ್ನಾಗಿ ಬಂತು. ಕೆರೆಯಲ್ಲೂ ಓಡಿಸಿದೆವು, ನಡುಕ ಇಲ್ಲ, ಒಳಗೆ ನೀರಿಲ್ಲ. ಹಳೆ ಪ್ರೊಪೆಲ್ಲರ್ ಗೆರೆ ಸರಿಯಿತು. ಅಧ್ಯಕ್ಷರೇ ಅದನ್ನು ಗುಜರಿಗೆ ಹಾಕಿ ಬಂದರು.


ಕೊರಟಗೆರೆ ಅಕ್ಕ

ಆ ಬಂಡೆಗೆ ಗುರುತು ಹಾಕಿದಿರಾ? ನೀರು ಇಳಿದಿರುವ ಈಗಲೇ ಹಾಕಬೇಕು. ಬಿದಿರು ನೆಟ್ಟು ಕೆಂಪು ಡಬ್ಬ ಕಟ್ಟಿ. ತೂಬಿನ ಕಲ್ಲಿನ ಮೇಲೆ ನೀರು ಎಲ್ಲಿದ್ದಾಗ ಬಂಡೆ ಎಷ್ಟು ಆಳದಲ್ಲಿದೆ ಅಂತ ಅಳೆದು ಬಣ್ಣದ ಗೆರೆ ಹಾಕಿ. ಮುಂದಿನ ವರ್ಷ ಹೊಸ ಹುಡುಗರು ಬಂದರೂ ತೂಬು ನೋಡಿ ತಿಳಿಯುತ್ತದೆ.


ಸುಮ್ನೆ ಓದೋನು

ಮಾರ್ಕೋನಹಳ್ಳಿ ಜಲಾಶಯದಲ್ಲಿ ಮೈಸೂರು ಅರಸರ ಕಾಲದ ಸೈಫನ್ ಇದೆಯಲ್ಲ, ಮಟ್ಟ ಮೀರಿದರೆ ನೀರು ತಾನೇ ಹೊರಗೆ ಹೋಗುತ್ತದೆ. ಅಂಥ ಕಡೆ ಗೆರೆ ಹಾಕಿದರೂ ಮಳೆಗಾಲದಲ್ಲಿ ಆ ಬಾಯಿಯ ಹತ್ತಿರ ಬೋಟ್ ಬೇಡ. ಈ ಸಲ ನಾನೂ ಉಪಯೋಗಕ್ಕೆ ಬರುವ ಮಾತು ಹೇಳಿದೆ 🙂


ಬೇತಮಂಗಲದವ

ಗಂಗೊಳ್ಳಿ ಅಣ್ಣ, ನಮ್ಮದೂ 15 ಎಚ್‌ಪಿಯೇ. ಇದೇ ಪ್ರೊಪೆಲ್ಲರ್ ಆಗುತ್ತದಾ? ಇವರ ಜೊತೆಗೇ ಇನ್ನೊಂದು ತರಿಸೋಣ ಅಂತ.


ಗಂಗೊಳ್ಳಿಯಿಂದ ತುಮಕೂರಿಗೆ

ಎಚ್‌ಪಿ ಒಂದೇ ಇದ್ದರೆ ಸಾಲದು. ಕಂಪನಿ, ಮಾಡೆಲ್ ಬೇರೆ ಆದರೆ ಶಾಫ್ಟಿನ ಹಲ್ಲಿನ ಲೆಕ್ಕವೂ ಬೇರೆ. ಕ್ಲಾಂಪ್ ಹತ್ತಿರ ಒಂದು ಪ್ಲೇಟ್ ಇರುತ್ತದೆ, ಅದರ ಫೋಟೋ ಕಳಿಸಿ. ಹಳೆ ಪ್ರೊಪೆಲ್ಲರ್ ಮೇಲೆ ಕೆತ್ತಿರುವ ನಂಬರ್‌ಗಳನ್ನೂ ಬರೆದು ಕಳಿಸಿ. ಎರಡೂ ನೋಡಿ ಹೇಳುತ್ತೇನೆ.